ತಲೆಗೆ ಬಿಸಿನೀರು, ಇಲಿಗೂ ಬಿಸಿನೀರು

ಕುಷ್ಟಗಿ, ಯಲಬುರ್ಗಾ ಕಡೆ ‘ತಲೆಸ್ನಾನ’ ಅನ್ನುವವರು ಕಡಿಮೆ. ತಲೆ ಎರೆಯುವುದು ಅಂತಲೇ ಮಾತು. ಹತ್ತಿಕಟ್ಟಿಗೆ ಉರಿಗೆ ಹಂಡೆ ಕಾದಿರುತ್ತದೆ. ಅಜ್ಜಿ ಮೊಮ್ಮಗನನ್ನು ಬಚ್ಚಲಲ್ಲಿ ಕೂಡಿಸಿಕೊಂಡು, ‘ಕಣ್ಣ ಮುಚ್ಚಲೇ’ ಎಂದು ಗದರುತ್ತ ನೆತ್ತಿಗೆ ತಂಬಿಗೆ ಮೇಲೆ ತಂಬಿಗೆ ಸುರಿಯುತ್ತಾಳೆ. ನೀರು ಹೊಗೆಯಾಡದಿದ್ದರೆ ಅದು ಎರೆದ ಲೆಕ್ಕವೇ ಅಲ್ಲ.

ಇದೇ ನೀರು ಕೆಲವರಿಗೆ ಮೂರ್ಛೆ ತರುತ್ತದೆ. ಜಗತ್ತಿನಲ್ಲಿ ಅಪರೂಪದ ಈ ‘ಬಿಸಿನೀರಿನ ಮೂರ್ಛೆ’ ಯಳಂದೂರು ಭಾಗದ ಮನೆಮನೆ ಸಮೀಕ್ಷೆಯಲ್ಲಿ ಲಕ್ಷಕ್ಕೆ 255 ಜನರಲ್ಲಿ ಕಂಡಿತ್ತು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಬಿಸಿಯ ನೀರು ನೆತ್ತಿಗೆ ಬಿದ್ದಾಗ ಮೂರ್ಛೆ. ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಶುರು. ಹೆಣ್ಣಿಗಿಂತ ಗಂಡಿಗೆ ಸುಮಾರು ಎರಡೂವರೆ ಪಟ್ಟು ಜಾಸ್ತಿ. ವಿಚಿತ್ರವೆಂದರೆ, ಹತ್ತರಲ್ಲಿ ಒಬ್ಬರಿಗೆ ಆ ಹೊತ್ತಿನಲ್ಲಿ ಏನೋ ಹಿತವೆನಿಸಿ, ಎಚ್ಚರ ತಪ್ಪುವವರೆಗೂ ತಾವೇ ಸುರಿದುಕೊಳ್ಳುತ್ತಾರೆ.

ಒಳಗೆ ಏನಾಗುತ್ತದೆಂದು ನೋಡಲು ನಿಮ್ಹಾನ್ಸ್‌ನವರು ಇಲಿಗೂ ತಲೆ ಎರೆದರು! 1996ರಲ್ಲಿ ಪ್ರಕಟವಾದ ಪ್ರಯೋಗ ಅದು. ಇಲಿಯ ತಲೆಗೆ ಬಿಸಿನೀರು ಬಿಟ್ಟರೆ ಮೈ ಕಾವೇರಿ ಮೂರ್ಛೆ ಬರುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡಿದಾಗ ಕಡಿಮೆ ಕಾವಿಗೇ ಬರತೊಡಗುತ್ತದೆ, ಹೆಚ್ಚು ಹೊತ್ತು ಇರುತ್ತದೆ. ನಿನ್ನೆ ಉರಿದ ಒಲೆಯ ಬೂದಿಯಡಿ ಕೆಂಡ ಉಳಿದಿದ್ದರೆ ಇವತ್ತು ಒಂದೇ ಊದಿಗೆ ಹೊತ್ತಿಕೊಳ್ಳುತ್ತದಲ್ಲ, ಹಾಗೆ.

ಕೊಪ್ಪಳ, ಗಂಗಾವತಿಯಲ್ಲೂ ಹಂಡೆಗಳೇನು ಕಡಿಮೆ ಕಾಯುವುದಿಲ್ಲ. ಆದರೂ ವೈದ್ಯರ ವರದಿಗಳಲ್ಲಿ ಹಳೇ ಮೈಸೂರು ಸೀಮೆಯದೇ ಮೇಲುಗೈ. ಅಂದಮೇಲೆ ಬರೀ ನೀರಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಒಂದೇ ಮನೆತನದ ಹಲವರಲ್ಲಿ ಇದು ಕಾಣುವುದುಂಟು. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದ ಅನುರಂಜನ್ ಆನಂದ್ ತಂಡ 2009ರಲ್ಲಿ ಅಂಥ ಮನೆತನಗಳಲ್ಲಿ ಹುಡುಕಿ, 10ನೇ ವರ್ಣತಂತುವಿನ ಒಂದು ಭಾಗಕ್ಕೆ ನಂಟಿರುವುದನ್ನು ತೋರಿಸಿತು.

ಗಂಡು–ಹೆಣ್ಣಿನ ಅಂತರಕ್ಕೆ ಮಾತ್ರ ಈ 10ನೇ ತಂತು ಉತ್ತರ ಹೇಳದು. ಅದು ಇಬ್ಬರಲ್ಲೂ ಎರಡೆರಡು. ಇಂಥ ಅಂತರಕ್ಕೆ ಉತ್ತರ ನಿಚ್ಚಳವಾಗಿರುವುದು ಬೇರೆಯೇ ಬಗೆಯ ಮೂರ್ಛೆ ಬರುವ ಒಂದು ಪ್ರಾಣಿಯಲ್ಲಿ, 1954ರಲ್ಲಿ ವರದಿಯಾದ ‘ಜಿಂಪಿ’ ಇಲಿಮರಿಯಲ್ಲಿ. ಪಂಪ್‌ಸೆಟ್ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದಂತೆ ನರಕ್ಕೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಜಿಂಪಿಯಲ್ಲಿ ಕೆಟ್ಟಿರುವುದು ಆ ಹೊದಿಕೆಯ ಪ್ರೋಟೀನಿನ ಜೀನು, ಅದಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮರಿಗಿರುವುದು ಒಂದೇ ಎಕ್ಸ್. ಎರಡು ವಾರಕ್ಕೆ ನಡುಕ, ಆಮೇಲೆ ಮೂರ್ಛೆ, ತಿಂಗಳ ಆಸುಪಾಸಿನಲ್ಲಿ ಸಾವು. ಹೆಣ್ಣುಮರಿಗೆ ಇನ್ನೊಂದು ಎಕ್ಸ್ ಇದೆ. ಅವಳ ಕೆಲವು ಜೀವಕೋಶಗಳು ಕೆಟ್ಟದ್ದನ್ನು, ಉಳಿದವು ಒಳ್ಳೆಯದನ್ನು ಬಳಸುತ್ತವೆ. ಎಳವೆಯಲ್ಲಿ ಮಯಲಿನ್ ಕಡಿಮೆಯೇ. ಬೆಳೆದಂತೆ ಒಳ್ಳೆಯ ಕೋಶಗಳು ಕೊರತೆ ತುಂಬಿಕೊಡುತ್ತವೆ.

ಬಿಸಿನೀರಿನ ಮೂರ್ಛೆಗೆ ಮೊದಲ ಮದ್ದು ನೀರಿನ ಕಾವು ಇಳಿಸುವುದು. ಅಷ್ಟಕ್ಕೆ ನಿಲ್ಲದಿದ್ದರೆ ವೈದ್ಯರು, ಎರೆದುಕೊಳ್ಳುವ ಒಂದೂವರೆ–ಎರಡು ತಾಸು ಮೊದಲು ಕ್ಲೋಬಜಾಮ್ ಮಾತ್ರೆ ಬರೆದುಕೊಡುವುದುಂಟು. ಮಾತ್ರೆಗೆ ಅಜ್ಜಿಯರು ಒಪ್ಪಿಯಾರು. ಉಗುರುಬೆಚ್ಚಗಿನ ನೀರು ಅಂದರೆ ಮಾತ್ರ ಸೀಗೆಪುಡಿ ಬಟ್ಟಲು ಕೆಳಗಿಟ್ಟು ಕೇಳುತ್ತಾರೆ: ‘ಅದರಾಗ ಎಣ್ಣಿ ಜಿಡ್ಡು ಹೊಕ್ಕೈತೇನಪಾ?’