ಹರಿಹರ ತಂದ ಸೀರೆ

ಮುಸಫಾದ ಕ್ಯಾಂಪಿನಲ್ಲಿ ನಾವು ಒಂದು ರೂಮಿಗೆ ಆರು ಜನ. ಕನ್ನಡದವನು ನಾನೊಬ್ಬನೇ. ನನ್ನ ಕೆಳಗಿನ ಮಂಚದಲ್ಲಿ ಬಾಂಗ್ಲಾದೇಶದ ಜಶೋರ್ ಜಿಲ್ಲೆಯವರೊಬ್ಬರು ಇದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಶಟರಿಂಗ್ ಕೆಲಸ. ಎಲ್ಲರಿಗೂ ಅವರು ‘ಭಾಯ್’, ಅವರ ಬಾಯಲ್ಲಿ ನಾವೆಲ್ಲ ‘ದಾದಾ’. ಆಗಿನ್ನೂ ನಮಗೆ ಶುಕ್ರವಾರವೇ ರಜೆ. ಒಂದು ಶುಕ್ರವಾರ ಊಟ ಮುಗಿಸಿ, ಯಾರೋ ಹಾರ್ಡ್ ಡಿಸ್ಕಿನಲ್ಲಿ ಕೊಟ್ಟಿದ್ದ ಹಳೆಯ ಸಿನಿಮಾಗಳಲ್ಲಿ ‘ಪಥೇರ್ ಪಾಂಚಾಲಿ’ ಹಾಕಿಕೊಂಡು ಕೂತಿದ್ದೆ. ಹೆಸರು ಕೇಳಿ ಗೊತ್ತಿತ್ತು, ನೋಡಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಂಗಾಳಿ ಮಾತು ಕೇಳಿದ್ದೇ ತಡ, ಭಾಯ್ ಮಂಚದಿಂದ ಎದ್ದು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನೋಡಿ, “ಇದು ನಮ್ಮ ಕಡೆಯ ಕತೆ ದಾದಾ. ಬರೆದವರು ನಮ್ಮ ಜಶೋರಿನವರು” ಎಂದರು.

ನಾನು ನಂಬಲಿಲ್ಲ. ಆಮೇಲೆ ನೋಡಿದರೆ ಅವರ ಮಾತು ಸರಿಯಾಗೇ ಇತ್ತು. ಕಾದಂಬರಿಕಾರ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಊರು ಬನಗಾಂವ್ ಹತ್ತಿರದ ಬಾರಾಕ್‌ಪುರ. ದೇಶ ವಿಭಜನೆಗೆ ಮೊದಲು ಆ ಭಾಗ ಜಶೋರ್ ಜಿಲ್ಲೆಗೇ ಸೇರಿತ್ತು, ಈಗ ಗಡಿಯ ಈಚೆ ಪಶ್ಚಿಮ ಬಂಗಾಳದಲ್ಲಿದೆ. ಕಾದಂಬರಿಯ ಒಂದು ತುಣುಕು ಭಾಯ್‌ಗೆ ಶಾಲೆಯಲ್ಲಿ ಪಾಠವಾಗಿತ್ತಂತೆ, ‘ಆಮ್ ಆಂಟಿರ್ ಭೇಂಪು’ ಎಂಬ ಹೆಸರಿನಲ್ಲಿ. ಅಂದರೆ ಮಾವಿನ ಗೊರಟಿನ ಪೀಪಿ. ನಾವೂ ಚಿಕ್ಕಂದಿನಲ್ಲಿ ಗೊರಟನ್ನು ಕಲ್ಲಿಗೆ ತೇಯ್ದು ಊದಿದವರೇ ತಾನೆ! ಪಾಠ ಓದಿದ ಮೇಲೆ ಇಡೀ ಪುಸ್ತಕವನ್ನು ಲೈಬ್ರರಿಯಿಂದ ತಂದು ಓದಿದ್ದರು. ಹಾಗಾಗಿ ಸಿನಿಮಾ ಮುಗಿಯುವ ತನಕ ನನ್ನ ಪಕ್ಕದಲ್ಲಿ ಇನ್ನೊಂದು ಕತೆ ಓಡುತ್ತಲೇ ಇತ್ತು. “ಪುಸ್ತಕದಲ್ಲಿ ಹೀಗಿಲ್ಲ”, “ಇದು ಆಮೇಲೆ ಬರಬೇಕು”, “ಈ ಮುದುಕಿ ಇಷ್ಟು ದಿನ ಬದುಕಿರುವುದಿಲ್ಲ”.

ನೋಡದವರಿಗಾಗಿ ಎರಡು ಮಾತು. ನಿಶ್ಚಿಂದಿಪುರ ಎಂಬ ಹಳ್ಳಿ. ಪೌರೋಹಿತ್ಯ, ಪುರಾಣ ಓದುವುದು ಇವುಗಳಿಂದ ಹೊಟ್ಟೆ ಹೊರೆಯುವ ಹರಿಹರ, ಹೆಂಡತಿ ಸರ್ವಜಯ, ಮಗಳು ದುರ್ಗಾ, ಮಗ ಅಪು. ಜೊತೆಗೆ ದೂರದ ಸಂಬಂಧದ ಮುದುಕಿ ಇಂದಿರ್. ಅಪು ಎಂಬ ಹುಡುಗ ಬೆಳೆಯುವ ಕತೆ ಇದು. ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಲ್ಲಿ. ವಿಭೂತಿಭೂಷಣರು 1950ರಲ್ಲಿ ತೀರಿಕೊಂಡರು. ಸತ್ಯಜಿತ್ ರಾಯ್ ಅವರ ಪತ್ನಿಯ ಒಪ್ಪಿಗೆ ಪಡೆದು ಸಿನಿಮಾ ಮಾಡಿದರು, ಅದು 1955ರಲ್ಲಿ ತೆರೆಕಂಡಿತು. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯೂ ಬಂತು.

ಸಂಘದ ನಾಟಕಕ್ಕೆ ರಜೆಯ ದಿನ ನಿದ್ದೆಗೆಟ್ಟು ತಾಲೀಮು ಮಾಡುವ ನಮ್ಮ ಗೆಳೆಯರಿಗೆ ಒಂದು ವಿಷಯ ಹೇಳಲೇಬೇಕು. ರಾಯ್ ಆಗ ಕಲ್ಕತ್ತದ ಜಾಹೀರಾತು ಕಂಪನಿಯೊಂದರಲ್ಲಿ ನೌಕರಿ ಮಾಡುತ್ತಿದ್ದರು, ಶೂಟಿಂಗ್ ರಜೆಯ ದಿನಗಳಲ್ಲಿ. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. 1952ರ ಅಕ್ಟೋಬರಿನಲ್ಲಿ ಬಿಳಿ ಹೂವಿನ ಕಾಶದ ಹುಲ್ಲಿನ ನಡುವೆ ಅಕ್ಕ ತಮ್ಮ ಓಡುವ ದೃಶ್ಯದಿಂದ ಕೆಲಸ ಶುರುವಾಯಿತು. ಮುಂದಿನ ವಾರ ಹೋಗಿ ನೋಡಿದರೆ ಹುಲ್ಲನ್ನೆಲ್ಲ ದನ ಮೇದುಬಿಟ್ಟಿದ್ದವು! ಉಳಿದ ಭಾಗಕ್ಕೆ ಮರುವರ್ಷ ಹುಲ್ಲು ಹೂ ಬಿಡುವ ತನಕ ಕಾಯಬೇಕಾಯಿತು. ಹೆಂಡತಿಯ ಒಡವೆ ಅಡವಿಗೆ ಹೋಯಿತು. ಕೊನೆಗೆ ಬಂಗಾಳ ಸರ್ಕಾರ ಹಣ ಕೊಟ್ಟಿತು, ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ. ‘ದಾರಿಯ ಹಾಡು’ ಎಂಬ ಅರ್ಥದ ಹೆಸರಿಗೆ ರಸ್ತೆಯ ದುಡ್ಡು.

ಆ ರೈಲಿನ ದೃಶ್ಯವನ್ನು ಕಂಡು ನಾನು ಬೆರಗಾದೆ. ಕಾಶದ ಹುಲ್ಲು ಆಳೆತ್ತರ, ಮಕ್ಕಳು ತಂತಿ ಕಂಬಕ್ಕೆ ಕಿವಿಯಿಟ್ಟು ಗುಂಯ್ ಎನ್ನುವ ಸದ್ದು ಕೇಳುತ್ತಾರೆ, ಕಪ್ಪು ಹೊಗೆ ಬಿಡುತ್ತ ರೈಲು ಬರುತ್ತದೆ, ಇಬ್ಬರೂ ಅದರ ಕಡೆಗೆ ಓಡುತ್ತಾರೆ. ಭಾಯ್ ಮಾತ್ರ ತಲೆಯಾಡಿಸಿದರು. “ಚೆನ್ನಾಗಿದೆ. ಆದರೆ ಪುಸ್ತಕದಲ್ಲಿ ದುರ್ಗಾ ರೈಲು ನೋಡುವುದೇ ಇಲ್ಲ ದಾದಾ.”

ಆಮೇಲೆ ನಾನೂ ಓದಿ ನೋಡಿದೆ, ನಿಜ. ಕಾದಂಬರಿಯಲ್ಲಿ ಅಕ್ಕ ತಮ್ಮ ಒಮ್ಮೆ ಕಳೆದುಹೋದ ಕರು ಹುಡುಕುವ ನೆಪದಲ್ಲಿ ರೈಲು ದಾರಿ ನೋಡಲು ಹೊರಟು, ಗದ್ದೆ ಜೌಗು ದಾಟಿ ದಾರಿ ತಪ್ಪಿ, ಸೋತು ಮನೆಗೆ ಬರುತ್ತಾರೆ. ಇನ್ನೊಮ್ಮೆ ಅಪು ಅಪ್ಪನ ಜೊತೆ ಹೋಗುವಾಗ ಹಳಿ ದಾಟುತ್ತಾನೆ, ಆದರೆ ರೈಲು ಬರಲು ಇನ್ನೂ ಹೊತ್ತಿದೆ ಎಂದು ಅಪ್ಪ ನಿಲ್ಲಿಸುವುದಿಲ್ಲ. ಜ್ವರದಲ್ಲಿ ಮಲಗಿದ ದುರ್ಗಾ, ವಾಸಿಯಾದ ಮೇಲೆ ನನಗೊಮ್ಮೆ ರೈಲು ತೋರಿಸುತ್ತೀಯಾ ಎಂದು ತಮ್ಮನನ್ನು ಕೇಳುತ್ತಾಳೆ. ಕೆಲವು ಕಾಲದ ನಂತರ ಊರು ಬಿಟ್ಟು ಹೋಗುವಾಗ ಅಪು ರೈಲಿನಲ್ಲೇ ಕೂತಿರುತ್ತಾನೆ, ಅಕ್ಕ ಇರುವುದಿಲ್ಲ. ಸಿನಿಮಾದ ಓಟ ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ರಾತ್ರಿ ಎಬ್ಬಿಸಿದ್ದು ಆ ಕಾಣದ ರೈಲು.

ಮುದುಕಿ ಇಂದಿರ್ ವಿಷಯದಲ್ಲಿ ಮಾತ್ರ ನಾನು ಸಿನಿಮಾದ ಪರ. ಪುಸ್ತಕದಲ್ಲಿ ಅವಳು ಮೊದಲ ಭಾಗದಲ್ಲೇ, ಅಪು ಇನ್ನೂ ಕೂಸಾಗಿರುವಾಗಲೇ ತೀರಿಹೋಗುತ್ತಾಳೆ. ರಾಯ್ ಅವಳನ್ನು ಇನ್ನಷ್ಟು ವರ್ಷ ಬದುಕಿಸಿಟ್ಟರು. ಸಾವೆಂದರೆ ಏನೆಂದು ಮಕ್ಕಳು ಮೊದಲು ನೋಡುವುದು ಅವಳಲ್ಲಿ. ಎಂಬತ್ತರ ಆಸುಪಾಸಿನ ಚುನಿಬಾಲಾ ದೇವಿಯ ಆ ಸುಕ್ಕು ಮುಖ, ಬೊಚ್ಚುಬಾಯಿ ನಗು ನೋಡಿದ ಮೇಲೆ ಪುಸ್ತಕದ ಇಂದಿರ್‌ಗೂ ನನಗೆ ಅದೇ ಮುಖ ಆಗಿಬಿಟ್ಟಿದೆ.

ದುರ್ಗಾಳ ಕಳ್ಳತನದ ಸಂಗತಿಯೂ ಬೇರೆ ಬೇರೆ. ಸಿನಿಮಾದಲ್ಲಿ ಅದು ಮಣಿಸರ. ಅವಳು ಸತ್ತ ಮೇಲೆ ಮನೆ ಖಾಲಿ ಮಾಡುವಾಗ ಅಪುವಿಗೆ ಅದು ಸಿಗುತ್ತದೆ. ಯಾರಿಗೂ ಹೇಳದೆ ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ಸರ ಬಿದ್ದಲ್ಲಿ ಸರಿದ ಪಾಚಿ ಮೆಲ್ಲಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕಾದಂಬರಿಯಲ್ಲಿ ಅವನಿಗೆ ಸಿಗುವುದು ಚಿನ್ನದ ಪುಟ್ಟ ಕುಂಕುಮ ಭರಣಿ, ಅವನು ಎಸೆಯುವುದು ಬಿದಿರು ಮೆಳೆಯ ಕಡೆಗೆ. ಚಿನ್ನ ಎಂದಾಗ ಲೆಕ್ಕ ಬೇರೆಯಾಗುತ್ತದೆ. ಹೊತ್ತಿನ ಊಟಕ್ಕೆ ಗತಿಯಿಲ್ಲದ ಮನೆಯ ಹುಡುಗ ಅಕ್ಕನ ಹೆಸರು ಉಳಿಸಲು ಚಿನ್ನವನ್ನು ಎಸೆದುಬಿಡುತ್ತಾನೆ. ಅಪು ದೊಡ್ಡವನಾದದ್ದು ಆ ಕ್ಷಣದಲ್ಲಿ ಎಂದು ನನ್ನ ಎಣಿಕೆ, ಸರವಾದರೂ ಸರಿ, ಭರಣಿಯಾದರೂ ಸರಿ.

ಇನ್ನು ಹರಿಹರ. ಇವನ ಬಗ್ಗೆ ಬರೆಯಲೆಂದೇ ನಾನು ಪೆನ್ನು ಹಿಡಿದದ್ದು.

ಊರಲ್ಲಿ ಸಂಪಾದನೆ ಸಾಲದೆ ಹರಿಹರ ಕೆಲಸ ಹುಡುಕಿಕೊಂಡು ಪರವೂರಿಗೆ ಹೋಗುತ್ತಾನೆ. ಸಿನಿಮಾದಲ್ಲಿ ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ, ಹಳ್ಳಿಯಲ್ಲೇ ಉಳಿಯುತ್ತದೆ. ಅವನಿಂದ ನಮಗೆ ಸಿಗುವುದು ಕಾಗದ ಮಾತ್ರ. ಕಾಗದವೂ ನಿಂತು ತಿಂಗಳುಗಳಾಗುತ್ತವೆ. ಸರ್ವಜಯ ಮನೆಯ ಪಾತ್ರೆ ಮಾರುತ್ತಾಳೆ. ಮಳೆ ಬರುತ್ತದೆ, ದುರ್ಗಾ ನೆನೆಯುತ್ತಾಳೆ, ಬಿರುಗಾಳಿಯ ಆ ರಾತ್ರಿ ಕಳೆದು ಬೆಳಗಾಗುವಾಗ ಅವಳಿಲ್ಲ. ಆಮೇಲೆ ಒಂದು ದಿನ ಅಪ್ಪ ಬರುತ್ತಾನೆ. ಬಿದ್ದ ಗೋಡೆ ನೋಡುತ್ತಾನೆ, ಮಕ್ಕಳ ಹೆಸರು ಹಿಡಿದು ಕರೆಯುತ್ತಾನೆ. ಹೆಂಡತಿಗೆ ತಂದದ್ದನ್ನು ಒಂದೊಂದಾಗಿ ತೆಗೆದು ತೋರಿಸುತ್ತಾನೆ. ಲಟ್ಟಣಿಗೆ ಮಣೆ, ದೇವರ ಪಟ, ಕೊನೆಗೆ ದುರ್ಗಾಳಿಗೆಂದು ಒಂದು ಸೀರೆ. ಸರ್ವಜಯ ಆ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳಿಸುವುದಿಲ್ಲ. ಅದರ ಬದಲು ತಾರ್ ಶೆಹನಾಯಿಯ ಎತ್ತರದ ಸ್ವರ ಕೇಳುತ್ತದೆ. ಸಂಗೀತ ರವಿಶಂಕರ್ ಅವರದು.

ಆ ಹೊತ್ತಿಗೆ ಪಕ್ಕದಲ್ಲಿ ಭಾಯ್ ಇರಲಿಲ್ಲ. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದವರು, ಶೆಹನಾಯಿ ನಿಂತ ಮೇಲೆ ಬಂದರು. ರೂಮಿನಲ್ಲೇ ನೀರಿನ ಕ್ಯಾನ್ ಇತ್ತು.

ನನ್ನದೂ ಒಂದಿದೆ. ನಾನು ಮೊದಲ ಸಲ ರಜೆಯಲ್ಲಿ ಊರಿಗೆ ಹೋದದ್ದು ಎರಡು ವರ್ಷ ಮೂರು ತಿಂಗಳ ಮೇಲೆ. ಅಜ್ಜಿಯ ಮಂಡಿನೋವಿಗೆ ಆಕ್ಸ್ ಆಯಿಲ್, ಹೊದೆಯಲು ಮೆತ್ತನೆಯ ಕಂಬಳಿ ಒಯ್ದಿದ್ದೆ. ಕುಂದಾಪುರದ ಮನೆಯಂಗಳದಲ್ಲಿ ಪೆಟ್ಟಿಗೆ ಇಳಿಸಿ “ಅಜ್ಜಿ ಎಲ್ಲಿ?” ಎಂದೆ. ಅಮ್ಮ ಒಳಗೆ ಹೋದಳು. ಅಜ್ಜಿ ಹೋಗಿ ನಾಲ್ಕು ತಿಂಗಳಾಗಿತ್ತು. ಹೇಳಿದರೂ ರಜೆ ಸಿಗದು, ಒಬ್ಬನೇ ಇರುವವ ಅಲ್ಲಿ ಅತ್ತುಕೊಂಡು ಕೂರುವುದು ಬೇಡ ಎಂದು ಮನೆಯವರೆಲ್ಲ ಸೇರಿ ಮುಚ್ಚಿಟ್ಟಿದ್ದರು. ಫೋನಿನಲ್ಲಿ ನಾನು ಕೇಳಿದಾಗಲೆಲ್ಲ ಅಜ್ಜಿ ಮಲಗಿದ್ದಾಳೆ, ಅಜ್ಜಿ ಪಕ್ಕದ ಮನೆಗೆ ಹೋಗಿದ್ದಾಳೆ. ಇದನ್ನು ಓದುವವರಲ್ಲಿ ಎಷ್ಟು ಜನರ ಪೆಟ್ಟಿಗೆಯಲ್ಲಿ ಇಂಥದೊಂದು ಕಂಬಳಿ ಉಳಿದಿದೆಯೋ.

ಕಾದಂಬರಿಯಲ್ಲಿ ಇದೇ ಸನ್ನಿವೇಶದಲ್ಲಿ ಸರ್ವಜಯ ಬಾಯಿಬಿಟ್ಟು ಹೇಳಿ ಅಳುತ್ತಾಳೆ. ಓದುವಾಗ ಅದೇ ಸರಿ ಅನ್ನಿಸುತ್ತದೆ, ನೋಡುವಾಗ ಮಾತಿಲ್ಲದ್ದೇ ಸರಿ. ಆದರೆ ದೊಡ್ಡ ವ್ಯತ್ಯಾಸ ಇರುವುದು ಅಲ್ಲಲ್ಲ. ಪುಸ್ತಕವು ಹರಿಹರನ ಜೊತೆ ಪರವೂರಿಗೂ ಹೋಗುತ್ತದೆ. ಕೃಷ್ಣನಗರದಲ್ಲಿ ಕೈಯಲ್ಲಿ ಕಾಸಿಲ್ಲದೆ, ಯಾರದೋ ಜಾಗದಲ್ಲಿ ಮಲಗಿ, ಕೆಲಸಕ್ಕಾಗಿ ಅಲೆಯುವುದನ್ನು ನಾವು ನೋಡುತ್ತೇವೆ. ಕಳಿಸಲು ದುಡ್ಡಿಲ್ಲದವನು ಕಾಗದದಲ್ಲಿ ಏನೆಂದು ಬರೆದಾನು? ಭಾಯ್‌ಗೆ ಸಿನಿಮಾದ ಮೇಲಿದ್ದ ಸಿಟ್ಟು ಇದೇ. “ಸಿನಿಮಾ ನೋಡಿದವರು ಹರಿಹರನನ್ನು ಬೇಜವಾಬ್ದಾರಿ ಮನುಷ್ಯ ಅಂದುಕೊಳ್ಳುತ್ತಾರೆ. ಅವನು ಅಲ್ಲಿ ಉಪವಾಸ ಇದ್ದದ್ದನ್ನು ತೋರಿಸಲೇ ಇಲ್ಲ” ಎನ್ನುತ್ತಿದ್ದರು. ನಾನೂ ಹೌದೆಂದೆ. ಕ್ಯಾಂಪಿನಲ್ಲಿ ಕೂತವರು ಬೇರೆ ಏನೆಂದಾರು!

ರಜೆಯಲ್ಲಿ ಹೋದಾಗ ಹೆಂಡತಿಗೆ ಈ ಸಿನಿಮಾ ತೋರಿಸಿ, ಭಾಯ್ ವಾದವನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ನೀವ್ ಅಲ್ಲಿ ಎಂತ ಮಾಡ್ತ್ರಿ ಅಂದ್ ನಮಗ್ ಹ್ಯಾಂಗೆ ಗೊತ್ತಾತ್ತ್? ಫೋನ್ ಬಂದ್ರೆ ಬಂತ್, ಇಲ್ದಿದ್ರೆ ಇಲ್ಲ. ಸಿನಿಮಾದಂಗ್ ತೋರ್ಸದ್ದೇ ಸರಿ” ಎಂದಳು. ನನ್ನ ಬಾಯಿ ಕಟ್ಟಿತು. ಸಿನಿಮಾ ಕಾಯುವವರ ಕಡೆ ನಿಂತಿದೆ, ಪುಸ್ತಕ ಎರಡೂ ಕಡೆ ಹೋಗಿಬರುತ್ತದೆ. ಕಾದಂಬರಿಕಾರರಿಗೆ ಅದು ಸಾಧ್ಯವಾದದ್ದಕ್ಕೆ ಕಾರಣವೂ ಇದ್ದೀತು. ವಿಭೂತಿಭೂಷಣರು ಇದನ್ನು ಬರೆಯುವಾಗ ಊರಿನಲ್ಲಿರಲಿಲ್ಲ. ಬಿಹಾರದ ಭಾಗಲ್ಪುರದ ಕಡೆ ಒಂದು ಜಮೀನ್ದಾರಿ ಎಸ್ಟೇಟಿನ ನೌಕರಿಯಲ್ಲಿದ್ದರು. ಮೊದಲು ಬರೆದ ಪ್ರತಿಯಲ್ಲಿ ದುರ್ಗಾ ಇರಲೇ ಇಲ್ಲವಂತೆ. ಅಲ್ಲೊಮ್ಮೆ ಕೆದರಿದ ಕೂದಲಿನ ಹಳ್ಳಿ ಹುಡುಗಿಯೊಬ್ಬಳನ್ನು ಕಂಡ ಮೇಲೆ, ಬರೆದದ್ದನ್ನೆಲ್ಲ ಬದಲಿಸಿ ಅವಳನ್ನು ತಂದರು ಎಂದು ಹೇಳುತ್ತಾರೆ.

ಅದೇ ರಜೆಯಲ್ಲಿ ಮಂಗಳೂರಿನಲ್ಲಿ ಇಂಗ್ಲಿಷ್ ಅನುವಾದ ಕೊಂಡೆ, ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿ ಸೇರಿ ಮಾಡಿದ್ದು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ಊರು ಬಿಟ್ಟು ಹೋಗುವಲ್ಲಿಗೆ ಪುಸ್ತಕ ಮುಗಿಯಿತು, ಸಿನಿಮಾವೂ ಸುಮಾರಾಗಿ ಅಲ್ಲೇ ಮುಗಿಯುತ್ತದೆ. ಭಾಯ್‌ಗೆ ಹೇಳಿದರೆ ಅವರು ನಕ್ಕುಬಿಟ್ಟರು. “ಅದೆಲ್ಲಿ ಮುಗಿಯಿತು? ಇನ್ನೂ ಒಂದು ಭಾಗವೇ ಇದೆಯಲ್ಲ!” ಆ ಅನುವಾದಕರು ಮೂರನೆಯ ಭಾಗವನ್ನು ಕೈಬಿಟ್ಟಿದ್ದರು. ಪುಸ್ತಕದಿಂದ ಸಿನಿಮಾ ಆಗುವುದು ಗೊತ್ತು. ಇಲ್ಲಿ ಸಿನಿಮಾ ನಿಂತ ಕಡೆಯೇ ಪುಸ್ತಕವನ್ನೂ ನಿಲ್ಲಿಸಿದ್ದರು!

ಆ ಮೂರನೆಯ ಭಾಗವನ್ನು ನನಗೆ ಭಾಯ್ ಬಾಯಲ್ಲಿ ಹೇಳಿದರು, ರಾತ್ರಿ ಲೈಟ್ ಆರಿಸಿದ ಮೇಲೆ, ಕೆಳಗಿನ ಮಂಚದಿಂದ. ಕಾಶಿಗೆ ಹೋದ ಮೇಲೆ ಹರಿಹರ ಅಲ್ಲೇ ತೀರಿಕೊಳ್ಳುತ್ತಾನೆ. ಸರ್ವಜಯ ಶ್ರೀಮಂತರ ಮನೆಯಲ್ಲಿ ಅಡುಗೆಯವಳಾಗುತ್ತಾಳೆ. ಸ್ವಂತ ಅಂಗಳದಲ್ಲಿ ರಾಜನಂತೆ ಬಿಲ್ಲು ಹಿಡಿದು ಓಡಾಡಿದ ಅಪು ಆ ಮನೆಯಲ್ಲಿ ಅಡುಗೆಯವಳ ಮಗ, ಏಟು ತಿನ್ನುತ್ತಾನೆ. ನಿಶ್ಚಿಂದಿಪುರಕ್ಕೆ ಮತ್ತೆ ಕರೆದುಕೊಂಡು ಹೋಗೆಂದು ದೇವರಲ್ಲಿ ಬೇಡಿಕೊಳ್ಳುತ್ತಾನೆ. ಕಾದಂಬರಿ ಅವನನ್ನು ಊರಿಗೆ ಕಳಿಸುವುದಿಲ್ಲ, ದಾರಿ ಇನ್ನೂ ಮುಂದಿದೆ ಎನ್ನುತ್ತದೆ. ರಾಯ್ ಈ ಭಾಗವನ್ನು ಬಿಟ್ಟರು ಎನ್ನುವುದು ತಪ್ಪಾಗುತ್ತದೆ, 1956ರ ‘ಅಪರಾಜಿತೋ’ ಸಿನಿಮಾದ ಮೊದಲರ್ಧ ಇದೇ. ಆದರೆ ‘ಪಥೇರ್ ಪಾಂಚಾಲಿ’ ಒಂದನ್ನೇ ನೋಡಿ ಎದ್ದವರಿಗೆ ಎತ್ತಿನ ಗಾಡಿ ಹೊರಟದ್ದು ಗೊತ್ತು, ಹೋದವರು ಹೋದಲ್ಲಿ ಏನಾದರು ಎಂಬುದು ಗೊತ್ತಿಲ್ಲ. ನಾವೆಲ್ಲ ಇರುವುದು ಆ ಮೂರನೆಯ ಭಾಗದಲ್ಲಿ.

ಕತೆ ಅಲ್ಲಿಗೂ ನಿಲ್ಲುವುದಿಲ್ಲ. ‘ಅಪರಾಜಿತೋ’ ಹೆಸರಿನಲ್ಲೇ ವಿಭೂತಿಭೂಷಣರು ಮುಂದಿನ ಕಾದಂಬರಿ ಬರೆದರು. ಅದರಲ್ಲಿ ಅಪು ದೊಡ್ಡವನಾಗಿ, ಹೆಂಡತಿಯನ್ನು ಕಳೆದುಕೊಂಡು, ಎಷ್ಟೋ ವರ್ಷದ ಮೇಲೆ ಮಗ ಕಾಜಲ್‌ನನ್ನು ಕರೆದುಕೊಂಡು ನಿಶ್ಚಿಂದಿಪುರಕ್ಕೆ ಬರುತ್ತಾನೆ. ಕೊನೆಗೂ ಬಂದನಲ್ಲ ಅಂದುಕೊಳ್ಳುವಾಗ, ಬಾಲ್ಯದ ಗೆಳತಿಯ ಮಡಿಲಿಗೆ ಮಗನನ್ನು ಒಪ್ಪಿಸಿ ತಾನು ಕಡಲು ದಾಟಿ ದೂರದ ದ್ವೀಪಗಳ ಕಡೆ ಹೊರಟುಬಿಡುತ್ತಾನೆ. ರಾಯ್ 1959ರ ‘ಅಪುರ್ ಸಂಸಾರ್’ ಸಿನಿಮಾದಲ್ಲಿ ಇದನ್ನು ಪೂರಾ ತಿರುಗಿಸಿದರು. ಅಲ್ಲಿ ಅಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾನೆ.

ಆ ಸಿನಿಮಾವನ್ನೂ ನಾವಿಬ್ಬರೂ ಒಟ್ಟಿಗೇ ನೋಡಿದೆವು. ಅಷ್ಟು ದಿನ ಪ್ರತಿಯೊಂದಕ್ಕೂ “ಪುಸ್ತಕದಲ್ಲಿ ಹೀಗಿಲ್ಲ” ಎಂದು ತಗಾದೆ ತೆಗೆಯುತ್ತಿದ್ದ ಭಾಯ್ ಆ ಕೊನೆಯ ದೃಶ್ಯಕ್ಕೆ ಏನೂ ಅನ್ನಲಿಲ್ಲ. ನಾನೇ ಕೆಣಕಿದೆ. “ಪುಸ್ತಕದಲ್ಲಿ ಹೀಗಿಲ್ಲವಲ್ಲ ಭಾಯ್?”

ಅವರಿಗೆ ಊರಿನಲ್ಲಿ ಮೂರು ಮಕ್ಕಳು. ಚಿಕ್ಕವನು ಹುಟ್ಟಿದಾಗ ಇವರು ಇಲ್ಲಿದ್ದರು.

“ಇರಲಿ ಬಿಡಿ ದಾದಾ, ಇದೊಂದು ಸಿನಿಮಾದಲ್ಲಿದ್ದ ಹಾಗೇ ಇರಲಿ” ಎಂದು ಲ್ಯಾಪ್‌ಟಾಪ್ ಮುಚ್ಚಿದರು.