ನೆಗೆಟಿವ್ ಸ್ಕ್ಯಾನ್‌ಗೆ ಎಷ್ಟು ಡಿಪಿಐ ಸಾಕು?

ಹಳೆಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: ಸ್ಕ್ಯಾನರನ್ನು ಎಷ್ಟು ಡಿಪಿಐಗೆ ಇಡಬೇಕು? ಪಟ್ಟಿಯಲ್ಲಿ 1200, 2400, 4800, 6400 ಎಂದು ಅಂಕಿಗಳು ಏರುತ್ತಲೇ ಹೋಗುತ್ತವೆ. ದೊಡ್ಡದನ್ನೇ ಆರಿಸೋಣ ಎನಿಸುವುದು ಸಹಜ. ಆದರೆ ಫಿಲ್ಮಿನಲ್ಲಿ ಇಲ್ಲದ ವಿವರವನ್ನು ಯಾವ ಸ್ಕ್ಯಾನರೂ ತಂದುಕೊಡಲಾರದು.

ಒಂದು ಇಂಚು ಉದ್ದವನ್ನು ಎಷ್ಟು ಚುಕ್ಕಿಗಳಾಗಿ ಓದಬೇಕು ಎಂಬುದೇ ಡಿಪಿಐ. 35 ಎಂಎಂ ಫಿಲ್ಮಿನ ಒಂದು ಫ್ರೇಮು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. 2400 ಡಿಪಿಐಯಲ್ಲಿ ಅದು ಸುಮಾರು 8 ಮೆಗಾಪಿಕ್ಸೆಲ್ ಚಿತ್ರವಾಗುತ್ತದೆ. 4000ದಲ್ಲಿ 21 ಮೆಗಾಪಿಕ್ಸೆಲ್.

ಒಳ್ಳೆಯ ಲೆನ್ಸು, ಟ್ರೈಪಾಡು, ಸರಿಯಾದ ಫೋಕಸ್ ಇದ್ದರೆ ಫಿಲ್ಮು ಒಂದು ಮಿ.ಮೀ.ನಲ್ಲಿ 80 ಜೋಡಿ ಕಪ್ಪು-ಬಿಳಿ ಗೆರೆಗಳನ್ನು ಹಿಡಿದಿಡಬಲ್ಲದು ಎಂದುಕೊಳ್ಳೋಣ. ಒಂದೊಂದು ಜೋಡಿಗೂ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಮಿ.ಮೀ.ಗೆ 160, ಅಂದರೆ ಇಂಚಿಗೆ ಸುಮಾರು 4000. ಕೈಯಲ್ಲೇ ಹಿಡಿದು ತೆಗೆದ ಮನೆಯ ಫೋಟೊದಲ್ಲಿ 50 ಜೋಡಿ ಉಳಿದಿದ್ದರೆ 2500 ಡಿಪಿಐಗೇ ಲೆಕ್ಕ ಮುಗಿಯಿತು. ಅದರಾಚೆ ದೊಡ್ಡದಾಗಿ ಕಾಣುವುದು ಫಿಲ್ಮಿನ ಕಣಗಳು ಮಾತ್ರ.

ಸ್ಕ್ಯಾನರಿನ ಡಬ್ಬದ ಮೇಲಿನ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. 6400 ಎಂದು ಬರೆದಿರುವ ಫ್ಲ್ಯಾಟ್‌ಬೆಡ್ ಸ್ಕ್ಯಾನರು ನಿಜವಾಗಿ ಬಿಡಿಸಿ ತೋರಿಸುವುದು ಅದರ ಅರ್ಧಕ್ಕಿಂತಲೂ ಕಡಿಮೆ ಇರಬಹುದು. ಸೆನ್ಸರು ಅಷ್ಟು ಸಲ ಓದುವುದು ನಿಜ, ಒಳಗಿನ ಲೆನ್ಸು ಅಷ್ಟು ಚೂಪಾಗಿರುವುದಿಲ್ಲ. ಪರೀಕ್ಷೆ ಸುಲಭ. ನಿಮ್ಮಲ್ಲಿರುವ ಅತ್ಯಂತ ಸ್ಪಷ್ಟವಾದ ಫ್ರೇಮನ್ನು 2400ರಲ್ಲೂ 4800ರಲ್ಲೂ ಸ್ಕ್ಯಾನ್ ಮಾಡಿ. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿ, ಕಣ್ಣಿನ ರೆಪ್ಪೆಯನ್ನೋ ಸೀರೆಯ ಜರಿ ಅಂಚನ್ನೋ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ಹೊಸ ಎಳೆ ಒಂದೂ ಕಾಣದಿದ್ದರೆ 2400 ಸಾಕು.

ಹೆಚ್ಚಿನ ಅಂಕಿಗೆ ಬೆಲೆಯೂ ಇದೆ. 4000 ಡಿಪಿಐಯಲ್ಲಿ, ಪ್ರತಿ ಬಣ್ಣಕ್ಕೆ 16 ಬಿಟ್‌ನಂತೆ ಉಳಿಸಿದ ಒಂದೇ ಫ್ರೇಮು ಸುಮಾರು 128 ಎಂಬಿ ಜಾಗ ತಿನ್ನುತ್ತದೆ. 8×12 ಇಂಚಿನ ಒಳ್ಳೆಯ ಪ್ರಿಂಟಿಗೆ 2400×3600 ಪಿಕ್ಸೆಲ್ ಸಾಕು. ಅದಕ್ಕೆ ಸುಮಾರು 2550 ಡಿಪಿಐ ಸ್ಕ್ಯಾನ್ ಇದ್ದರಾಯಿತು. 120 ಫಿಲ್ಮಿನ ಚೌಕ ನೆಗೆಟಿವ್ ಒಂದೊಂದು ಬದಿಯೂ 56 ಮಿ.ಮೀ. ಇರುವುದರಿಂದ 2400ರಲ್ಲೇ 28 ಮೆಗಾಪಿಕ್ಸೆಲ್ ಕೊಡುತ್ತದೆ.

ಹಾಗಾಗಿ ಮನೆಯ ಸಂಗ್ರಹಕ್ಕೆಲ್ಲ 2400, ಆಯ್ದ ಚೂಪಾದ ಫ್ರೇಮುಗಳಿಗೆ ಒಳ್ಳೆಯ ಫಿಲ್ಮ್ ಸ್ಕ್ಯಾನರಿನಲ್ಲಿ 4000 ಎಂದು ಇಟ್ಟುಕೊಳ್ಳಿ. ಉಳಿದ ಸಮಯವನ್ನು ಧೂಳು ಒರೆಸುವುದಕ್ಕೆ, ಫೈಲುಗಳಿಗೆ ಇಸವಿ ಮತ್ತು ಹೆಸರು ಬರೆಯುವುದಕ್ಕೆ ಕೊಡಿ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಮಾತ್ರ ಎಸೆಯಬೇಡಿ, ಮೂಲಪ್ರತಿ ಅದೇ.