ರಾಷ್ಟ್ರಕೂಟ ರಾಜಕುಮಾರಿಯರು ಮತ್ತು ಮಾನ್ಯಖೇಟದ ಸಿಂಹಾಸನ

ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಇಂದಿನ ಮಳಖೇಡ. ಟ್ಯೂಡರ್ ಇಂಗ್ಲೆಂಡಿನಲ್ಲಿ ಲೇಡಿ ಜೇನ್ ಗ್ರೇ ತಾನೇ ರಾಣಿಯೆನಿಸಿ 1554ರಲ್ಲಿ ಶಿರಚ್ಛೇದಕ್ಕೆ ಗುರಿಯಾದಳು. ಮಾನ್ಯಖೇಟದಲ್ಲಿ ಪಟ್ಟವು ಗಂಡುಮಕ್ಕಳದೇ ಆಗಿದ್ದರೂ ಅದರ ಹಕ್ಕಿಗೆ ಬಲ ಬರುತ್ತಿದ್ದುದು ರಾಜಕುಮಾರಿಯರ ವಿವಾಹಸಂಬಂಧದಿಂದ.

ಮೂರನೆಯ ಅಮೋಘವರ್ಷನು ತನ್ನ ಮಗಳು ರೇವಕನಿಮ್ಮಡಿಯನ್ನು ಗಂಗವಂಶದ ಇಮ್ಮಡಿ ಬೂತುಗನಿಗೆ ವಿವಾಹ ಮಾಡಿಕೊಟ್ಟಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳು ಬಳುವಳಿಯಾಗಿ ಹೋದವು. (ಈ ಅಂಕಿಗಳು ಹಣವಲ್ಲ, ನಾಡಿನ ಹೆಸರಿಗೆ ಅಂಟಿಬರುವ ಆಡಳಿತ ಸಂಖ್ಯೆಗಳು.) ಆಕೆಯ ತಮ್ಮ ಮೂರನೆಯ ಕೃಷ್ಣನು ರಾಚಮಲ್ಲನನ್ನು ಕೊಂದು ಭಾವನಿಗೆ ಗಂಗರ ಪಟ್ಟವನ್ನು ದೊರಕಿಸಿದನು. ಮುಂದೆ ಬೂತುಗನ ಮಗಳೊಬ್ಬಳು ಕೃಷ್ಣನ ಸೊಸೆಯಾಗಿ ಬಂದಳು. ಆಕೆಯ ಮಗನೇ ನಾಲ್ವಡಿ ಇಂದ್ರ.

973ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ಇಮ್ಮಡಿ ಕರ್ಕನನ್ನು ಸೋಲಿಸಿ ಅಧಿಕಾರ ಹಿಡಿದನು. ಶಾಲೆಯ ಪಾಠಗಳು ಇದನ್ನು ಬರಿಯ ಪರಾಕ್ರಮವೆಂದೇ ಹೇಳುವುದುಂಟು. ತೈಲಪನ ಪತ್ನಿ ಜಾಕವ್ವೆಯೂ ರಾಷ್ಟ್ರಕೂಟ ಕುವರಿಯೆಂಬುದನ್ನು ಮರೆಯಲಾಗದು. ಅತ್ತ ಗಂಗ ಮಾರಸಿಂಹನು ಸೋದರಳಿಯನಾದ ಇಂದ್ರನಿಗೆ ಪಟ್ಟ ಕಟ್ಟಲೆತ್ನಿಸಿದನು. ಹೀಗೆ ಎರಡೂ ಪಕ್ಷಗಳಿಗೆ ಹೆಣ್ಣಿನ ಕಡೆಯ ನಂಟೇ ಆಸರೆಯಾಯಿತು. ಪ್ರಯತ್ನ ಫಲಿಸಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ, ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡು ದೇಹತ್ಯಾಗ ಮಾಡಿದರು.